ಸೊರೊಸ್ ವಿಚಾರ: ಯಾವ ದಾಖಲೆ ಹಿಡಿಯಬೇಕು?

ಬಸವನಗುಡಿ: ಅಮೆರಿಕದ ಹೂಡಿಕೆದಾರ, ದಾನಿ ಜಾರ್ಜ್ ಸೊರೊಸ್ ಹಿನ್ನೆಲೆ, ರಾಜಕೀಯ ಉದ್ದೇಶದ ಬಗ್ಗೆ ಭಾನುವಾರ ನಮ್ಮ ಓದುಗರ ಕೂಟದಲ್ಲಿ ಮಾತಾಡಬೇಕು. ಫಾರ್ವರ್ಡ್ ಓದಿ ಸಾಕಾಗಿದೆ. ಈ ಕೆಲಸಕ್ಕೆ ಕೈ ಹಾಕಿದವರು ಏನನ್ನು ನಂಬಿದಿರಿ?

ರಾಜಾಜಿನಗರ: ಖಾಸಗಿ ದತ್ತಿ ಸಂಸ್ಥೆಗಳು ಪ್ರತಿ ವರ್ಷ ಸಲ್ಲಿಸುವ ಅಮೆರಿಕದ ತೆರಿಗೆ ಕಡತ 990-ಪಿಎಫ್ ಬಿಟ್ಟು ಬೇರೇನೂ ಮುಟ್ಟಬೇಡಿ. ಸುದ್ದಿಸಂಸ್ಥೆ ಪ್ರೊಪಬ್ಲಿಕಾದ ಜಾಲತಾಣ ನಾನ್‌ಪ್ರಾಫಿಟ್ ಎಕ್ಸ್‌ಪ್ಲೋರರ್‌ನಲ್ಲಿ ಪುಕ್ಕಟೆ. ಸೊರೊಸ್ ದತ್ತಿ ಸಂಸ್ಥೆಗಳಲ್ಲಿ ಓಪನ್ ಸೊಸೈಟಿ ಇನ್‌ಸ್ಟಿಟ್ಯೂಟ್‌ನದ್ದು ಮಾತ್ರ ನೋಡಿದರೆ ಅರ್ಧ ಲೆಕ್ಕ. ಫೌಂಡೇಶನ್ ಟು ಪ್ರಮೋಟ್ ಓಪನ್ ಸೊಸೈಟಿಗೆ ಬೇರೆಯೇ ಕಡತ. ದೇಣಿಗೆ ಪಟ್ಟಿಯಲ್ಲಿ 3ಎ ಅಂದರೆ ಆ ವರ್ಷ ಪಾವತಿಯಾದದ್ದು, 3ಬಿ ಅಂದರೆ ಮುಂದೆ ಕೊಡಲು ಒಪ್ಪಿದ್ದು. ಎರಡನ್ನೂ ಕೂಡಿಸಿದಿರೋ, 3ಬಿಯ ದುಡ್ಡು ಪಾವತಿಯಾದ ವರ್ಷ 3ಎಯಲ್ಲಿ ಮತ್ತೆ ಬಂದು ಕೂರುತ್ತೆ. ಕೋಟಿಗಳು ಉಬ್ಬೋದು ಹೀಗೇ. ಹೊಸ ಕಡತ ಬರೋದು ತಡ, ಈ ವರ್ಷದ್ದು ಈ ವರ್ಷ ಸಿಗಲ್ಲ.

ಜಯನಗರ 4ನೇ ಬ್ಲಾಕ್: ಅಮೆರಿಕದ ಕಡತದಲ್ಲಿ ಇಲ್ಲಿನ ಹಣ ಹುಡುಕೋದು ದಂಡ ಸ್ವಾಮಿ. 2016ರಲ್ಲೇ ಕೇಂದ್ರ ಗೃಹ ಇಲಾಖೆ ಓಪನ್ ಸೊಸೈಟಿಯನ್ನು, ಬ್ಯಾಂಕುಗಳು ಇಲಾಖೆಯನ್ನು ಮೊದಲು ಕೇಳಿಯೇ ಹಣ ಬಿಡಬೇಕಾದ ಸಂಸ್ಥೆಗಳ ಪಟ್ಟಿಗೆ ಹಾಕಿತು. ಹೂಡಿಕೆಯದ್ದು ಬೇರೆ ದಾರಿ: ಸೊರೊಸ್ ಎಕನಾಮಿಕ್ ಡೆವಲಪ್‌ಮೆಂಟ್ ಫಂಡ್. 2025ರ ಮಾರ್ಚ್‌ನಲ್ಲಿ ನಮ್ಮ ಬೆಂಗಳೂರಲ್ಲೇ ಈ ಹೂಡಿಕೆ ವಿಚಾರಕ್ಕೆ ಇಡಿ ಶೋಧ ನಡೆಸಿದ್ದು ವಿದೇಶಿ ವಿನಿಮಯ ಕಾಯ್ದೆ ಫೆಮಾ ಅಡಿಯಲ್ಲಿ. ಕಂಪನಿ ವ್ಯವಹಾರ ಸಚಿವಾಲಯದ ಎಂಸಿಎ ಪೋರ್ಟಲ್‌ನಲ್ಲಿ, ಹಣ ಪಡೆದ ಒಂದೊಂದು ಕಂಪನಿಯ ಕಡತ ನೋಡಲು 100 ರೂ. ಕಟ್ಟಿ. ತೆರೆದ ಮೇಲೆ 3 ಗಂಟೆಯಷ್ಟೇ, ಆಮೇಲೆ ಬಾಗಿಲು ಬಂದ್. ಅದಕ್ಕೇ ಮೊದಲು ಡೌನ್‌ಲೋಡ್, ಓದೋದು ನಂತರ. ಷೇರು ಯಾರಿಗೆ ಕೊಟ್ಟರು ಅನ್ನೋದು ಪಾಸ್-3 ನಮೂನೆಯಲ್ಲಿ, ಷೇರುದಾರರು ಎಂಜಿಟಿ-7 ನಮೂನೆಯಲ್ಲಿ. ವಿದೇಶಿಯರಿಗೆ ಷೇರು ಕೊಟ್ಟದ್ದಕ್ಕೆ ರಿಸರ್ವ್ ಬ್ಯಾಂಕಿಗೆ ಹೋಗುವ ವರದಿ ಎಫ್‌ಸಿ-ಜಿಪಿಆರ್ ನಿಮ್ಮ ಕೈಗೆ ಸಿಗಲ್ಲ.

ರಾಜಾಜಿನಗರ: ಶೋಧ ಆದರೆ ಅಪರಾಧ ಆದಂಗಾ? ಹೂಡಿಕೆಯನ್ನೂ ದೇಣಿಗೆಯನ್ನೂ ಒಂದೇ ಚೀಲಕ್ಕೆ ತುಂಬೋರು ನನಗೆ ಲೆಕ್ಕ ಹೇಳಿಕೊಡಬೇಕಿಲ್ಲ.

ಜಯನಗರ 4ನೇ ಬ್ಲಾಕ್: ಅಪರಾಧ ಅಂದವರು ಯಾರು? ಎರಡೂ ಬೇರೆ ಅಂತಲೇ ಬರೆದದ್ದು. ಕನ್ನಡಕ ಹಾಕ್ಕೊಂಡು ಓದಿ.

ಮಲ್ಲೇಶ್ವರಂ: ಹಣ ಹಣ ಅಂತ ಸಾಯ್ತೀರಿ, ಬಸವನಗುಡಿಯವರು ಕೇಳಿದ್ದರಲ್ಲಿ ಹಿನ್ನೆಲೆಯೂ ಇದೆ. ಹುಟ್ಟಿದ್ದು 1930, ಬುಡಾಪೆಸ್ಟ್. ಮನೆತನದವರು ಶ್ವಾರ್ಟ್ಸ್ ಹೆಸರು ಬಿಟ್ಟದ್ದು 1936ರಲ್ಲಿ, ಯೆಹೂದಿ ದ್ವೇಷ ಏರುತ್ತಿದ್ದಾಗ. ನಾಜಿ ಸಮವಸ್ತ್ರದ ಹುಡುಗ ಸೊರೊಸ್ ಅಂತ ಹರಿದಾಡುವ ಫೋಟೊ ನಾಜಿ ಯಾತನಾ ಶಿಬಿರ ಆಶ್ವಿಟ್ಸ್‌ನ ಲೆಕ್ಕಬರಹಗಾರ ಆಸ್ಕರ್ ಗ್ರೋನಿಂಗ್‌ದು. ಗೂಗಲ್ ಲೆನ್ಸ್‌ಗೆ ಹಾಕಿ. ಸಿಗದಿದ್ದರೆ ಮೇಲಿನ ಬರಹ ಕತ್ತರಿಸಿ ಮುಖವಷ್ಟೇ ಹಾಕಿ, ಆ ಬರಹವೇ ಹುಡುಕಾಟವನ್ನು ದಾರಿ ತಪ್ಪಿಸೋದು. 1944ರಲ್ಲಿ ಜರ್ಮನರು ಬಂದಾಗ ಸೊರೊಸ್ ವಯಸ್ಸು 13.

ವಿಜಯನಗರ: ಬರೀ ಬಚಾವ್ ಮಾಡೋರೇ! 1992ರ ಸೆಪ್ಟೆಂಬರ್ 16ಕ್ಕೆ ಬ್ರಿಟನ್ನಿನ ಪೌಂಡ್ ಬೀಳುತ್ತೆ ಅಂತ ಪಣ ಕಟ್ಟಿ ಸುಮಾರು 100 ಕೋಟಿ ಡಾಲರ್ ಬಾಚಿದ್ದು? ಫ್ರಾನ್ಸಿನ ಬ್ಯಾಂಕ್ ಸೊಸಿಯೆತೆ ಜೆನೆರಾಲ್ ಷೇರಿನ ಒಳಮಾಹಿತಿ ವ್ಯವಹಾರಕ್ಕೆ 2002ರಲ್ಲಿ ಫ್ರಾನ್ಸ್ ಕೋರ್ಟ್ ತಪ್ಪಿತಸ್ಥ ಅಂದದ್ದು? ಮೇಲ್ಮನವಿಯಲ್ಲೂ ತೀರ್ಪು ನಿಂತಿತು, 2011ರಲ್ಲಿ ಸ್ಟ್ರಾಸ್‌ಬರ್ಗ್‌ನ ಯುರೋಪಿನ ಮಾನವ ಹಕ್ಕು ಕೋರ್ಟಿನಲ್ಲಿ 4–3ರಲ್ಲಿ ಸೋತರು. ಉದ್ದೇಶಕ್ಕೆ ಪತ್ತೇದಾರಿಯೇ ಬೇಡ, 2023ರ ಫೆಬ್ರುವರಿಯ ಮ್ಯೂನಿಕ್ ಭಾಷಣದ ಪೂರ್ತಿ ಪಠ್ಯ ಓದಿ. ಅದಾನಿ ಪ್ರಕರಣ ಮೋದಿಯವರ ಹಿಡಿತ ಸಡಿಲಿಸುತ್ತೆ ಅಂತ ಬಾಯಿಬಿಟ್ಟೇ ಹೇಳಿದ್ದಾರೆ.

ಮಲ್ಲೇಶ್ವರಂ: ಪೌಂಡ್ ಪಣದಲ್ಲಿ ಕಾನೂನುಬಾಹಿರ ಏನಿತ್ತು? ಫ್ರಾನ್ಸ್‌ನದ್ದು ಸರಿ, ಅದನ್ನು ಯಾರೂ ಮುಚ್ಚಿಟ್ಟಿಲ್ಲ.

ವಿಜಯನಗರ: ನೀವು ಬರೆದದ್ದರಲ್ಲಿ ಇರಲಿಲ್ಲ.

ರಾಜಾಜಿನಗರ: 2023ರಿಂದ ಸಂಸ್ಥೆ ಮಗ ಅಲೆಕ್ಸ್ ಕೈಯಲ್ಲಿದೆ, ಅಪ್ಪನ ಭಾಷಣ ಎಷ್ಟು ದಿನ ಹಿಂಡ್ತೀರಿ?

ಜಯನಗರ 4ನೇ ಬ್ಲಾಕ್: ಎನ್‌ಜಿಒ ಲೆಕ್ಕ ಬೇಕಾದವರಿಗೆ ಒಂದು ಮಾತು: 2022ರ ಜುಲೈನಲ್ಲಿ ವಿದೇಶಿ ದೇಣಿಗೆ ಕಾಯ್ದೆಯ ಎಫ್‌ಸಿಆರ್‌ಎ ಜಾಲತಾಣದಿಂದ ವಾರ್ಷಿಕ ಲೆಕ್ಕಗಳನ್ನು ತೆಗೆದರು. ಆಯಾ ಎನ್‌ಜಿಒ ಜಾಲತಾಣದಲ್ಲಿ ಆಡಿಟ್ ವರದಿ ಹುಡುಕಿ. ರಾಜಾಜಿನಗರದವರಿಗೆ ಇದೂ ಪುಕ್ಕಟೆ.

ರಾಜಾಜಿನಗರ: ನೂರು ರೂಪಾಯಿ ನನಗೆ ಭಾರ ಅಂತ ಯಾರು ಹೇಳಿದರು ನಿಮಗೆ?