ಅರಿಶಿನ ಕ್ಯಾಪ್ಸೂಲ್: ನಮ್ಮ ಮನೆ ಗುಂಪಿನಲ್ಲಿ ನಡೆದ ಮಾತು

ದೊಡ್ಡಪ್ಪ: (ಫಾರ್ವರ್ಡ್) "ದಿನಕ್ಕೆ ಮೂರು ಅರಿಶಿನ ಕ್ಯಾಪ್ಸೂಲ್. ಕ್ಯಾನ್ಸರ್ ಮತ್ತೆ ಹತ್ತಿರ ಸುಳಿಯುವುದಿಲ್ಲ. ಎಲ್ಲರಿಗೂ ಕಳಿಸಿ."
ತಂಗಿ, ನಿನಗೆ ಇದೇ ಡಬ್ಬಿ ಕಳಿಸಿದ್ದೆ. ತಲುಪಿತಾ?

ಅತ್ತೆ: ಸೋಮವಾರವೇ ಬಂತು ಅಣ್ಣ. ಶುರು ಮಾಡಿದ್ದೇನೆ 🙏

ನಾನು: ಅತ್ತೆ, ದಯವಿಟ್ಟು ನಿಲ್ಲಿಸಿ. ನೀವು ಸ್ತನ ಕ್ಯಾನ್ಸರಿನ ಮಾತ್ರೆ ಟ್ಯಾಮಾಕ್ಸಿಫೆನ್ ತಗೊಳ್ಳುತ್ತಿದ್ದೀರಿ ಅಲ್ವಾ? ಡಬ್ಬಿ ಹಿಂದೆ ಪೈಪರಿನ್ ಅಂತ ಬರೆದಿದೆಯಾ ನೋಡಿ.

ದೊಡ್ಡಪ್ಪ: ಅರಿಶಿನಕ್ಕೂ ಹೆದರುವ ಕಾಲ ಬಂತಾ? ನಮ್ಮಮ್ಮ ಕೆಮ್ಮಿಗೆ, ಗಾಯಕ್ಕೆ, ಬಾಣಂತನಕ್ಕೆ ಎಲ್ಲಕ್ಕೂ ಅದನ್ನೇ ಕೊಟ್ಟಳು.

ಮೈಸೂರು ಚಿಕ್ಕಮ್ಮ: ಹಾಗಾದರೆ ಸಾರಿಗೂ ಹಾಕಬಾರದಾ?

ನಾನು: ಹಾಕಿ ಚಿಕ್ಕಮ್ಮ, ಸಾರಿನ ಚಿಟಿಕೆ ಬೇರೆ, ಕ್ಯಾಪ್ಸೂಲ್ ಬೇರೆ. ಅರಿಶಿನದ ಮುಖ್ಯ ಸತ್ವ ಕರ್ಕ್ಯುಮಿನ್. ಪುಡಿಯಲ್ಲಿ ಅದು ಇರುವುದು ನೂರಕ್ಕೆ ಸುಮಾರು 3 ಪಾಲು. ಒಂದು ಕ್ಯಾಪ್ಸೂಲಿನಷ್ಟು, ಅಂದರೆ 500 ಮಿಲಿಗ್ರಾಂ ಕರ್ಕ್ಯುಮಿನ್ ಬೇಕಾದರೆ ಸುಮಾರು 17 ಗ್ರಾಂ ಪುಡಿ ನುಂಗಬೇಕು. ಅದೂ ದಿನಕ್ಕೆ ಮೂರು ಸಲ! ಸಾಲದ್ದಕ್ಕೆ, ಮೈಗೆ ಚೆನ್ನಾಗಿ ಹತ್ತಲಿ ಅಂತ ಕಾಳುಮೆಣಸಿನ ಪೈಪರಿನ್ ಸೇರಿಸಿರುತ್ತಾರೆ.

ಟ್ಯಾಮಾಕ್ಸಿಫೆನ್ ಚೆನ್ನಾಗಿ ಕೆಲಸ ಮಾಡಬೇಕಾದರೆ ಲಿವರ್ ಅದನ್ನು ಎಂಡಾಕ್ಸಿಫೆನ್ ಅನ್ನುವ ಬಲವಾದ ರೂಪಕ್ಕೆ ಬದಲಿಸಬೇಕು. ನೆದರ್ಲೆಂಡ್ಸ್‌ನಲ್ಲಿ ಈ ಮಾತ್ರೆ ತಗೊಳ್ಳುತ್ತಿದ್ದ 16 ಮಂದಿಗೆ ಕರ್ಕ್ಯುಮಿನ್, ಪೈಪರಿನ್ ಎರಡೂ ಕೊಟ್ಟು ರಕ್ತ ಪರೀಕ್ಷೆ ಮಾಡಿದರು. 2019ರಲ್ಲಿ ವರದಿ ಬಂತು. ಎಂಡಾಕ್ಸಿಫೆನ್ ಸುಮಾರು ಶೇ. 12ರಷ್ಟು ಇಳಿದಿತ್ತು. ಸಣ್ಣ ಅಧ್ಯಯನ, ಒಪ್ಪುತ್ತೇನೆ. ಆದರೆ ಅತ್ತೆ ವರ್ಷಗಟ್ಟಲೆ ನುಂಗುವ ಮಾತ್ರೆಯ ಬಲವನ್ನು ಸುಮ್ನೆ ಯಾಕೆ ಕಳೆಯಬೇಕು?

ದೊಡ್ಡಪ್ಪ: ನಿಮ್ಮ ಕೀಮೋ ಔಷಧಿಯೂ ಗಿಡದಿಂದಲೇ ಬಂದದ್ದು. ಗೊತ್ತಾ?

ನಾನು: ಗೊತ್ತು ದೊಡ್ಡಪ್ಪ. ತುಳಸಿಕಟ್ಟೆ ಪಕ್ಕ ನೀವೇ ನೆಟ್ಟ ಕಾಶಿಕಣಗಿಲೆ ಇದೆಯಲ್ಲ, ವಿನ್‌ಕ್ರಿಸ್ಟಿನ್ ಅನ್ನುವ ಕೀಮೋ ಔಷಧಿ ಬರುವುದು ಅದರಿಂದಲೇ. ದೊಡ್ಡವರಿಗೂ ಸಾಮಾನ್ಯವಾಗಿ ಒಂದು ಸಲಕ್ಕೆ 2 ಮಿಲಿಗ್ರಾಂ ದಾಟಿಸುವುದಿಲ್ಲ. ಜಾಸ್ತಿ ಆದರೆ ನರಗಳಿಗೆ ಪೆಟ್ಟು. ಗಿಡದಲ್ಲಿ ಅಷ್ಟು ಶಕ್ತಿ ಇದೆ ಅಂತಲೇ ನಾನು ಹೆದರುವುದು.

ಅಮ್ಮನ ಕೀಮೋ ನೆನಪಿದೆಯಾ? ಮೂರನೇ ಸೈಕಲ್ ಎರಡು ವಾರ ಮುಂದಕ್ಕೆ ಹೋಯಿತು. ಲಿವರ್‌ಗೆ ತೊಂದರೆ ಆದಾಗ ಏರುವ ಎಸ್‌ಜಿಪಿಟಿ ರಕ್ತ ಪರೀಕ್ಷೆಯಲ್ಲಿ ಏರಿತ್ತು. ಆಮೇಲೆ ಅಕ್ಕಿ ಡಬ್ಬದ ಹಿಂದೆ ಅಮೃತಬಳ್ಳಿ ಕಷಾಯದ ಬಾಟಲಿ ಸಿಕ್ಕಿತು. ಹಳೇ ಟವಲ್ ಸುತ್ತಿ ಇಟ್ಟಿದ್ದಳು. ಅದರಿಂದಲೇ ಅಂತ ಆಣೆ ಮಾಡಿ ಹೇಳಲಾರೆ. ಆದರೆ ಅಮೃತಬಳ್ಳಿ ತಗೊಂಡು ಲಿವರ್‌ಗೆ ಏಟು ಬಿದ್ದ 6 ಜನರ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ಬರೆದಿದ್ದಾರೆ. ನನಗೆ ಇವತ್ತಿಗೂ ನೋವಾಗುವುದು ಅಮ್ಮ ಅದನ್ನು ಅಡಗಿಸಿಟ್ಟದ್ದಕ್ಕೆ. ನಾವು ಬೈಯುತ್ತೇವೆ ಅಂತ ಹೆದರಿದ್ದಳು.

ಮೈಸೂರು ಚಿಕ್ಕಮ್ಮ: ಪಾಪ ಅಕ್ಕ. ನನ್ನ ಹತ್ತಿರವೂ ಹೇಳಲಿಲ್ಲ.

ದೊಡ್ಡಪ್ಪ: ನಾನು ಕೆಟ್ಟದ್ದು ಬಯಸಿ ಕಳಿಸಲಿಲ್ಲಮ್ಮ.

ನಾನು: ಅಯ್ಯೋ, ಅದು ನನಗೆ ಗೊತ್ತಿಲ್ವಾ ದೊಡ್ಡಪ್ಪ? ಅತ್ತೆಯ ಪ್ರತಿ ಸ್ಕ್ಯಾನಿಗೂ ಜೊತೆಗೆ ಹೋದವರು ನೀವು.

ಅತ್ತೆ: (ಫೋಟೊ) ಕನ್ನಡಕ ಹಾಕಿ ನೋಡಿದೆ. ಪೈಪರಿನ್ ಇದೆ. ಇವತ್ತು ಬೆಳಿಗ್ಗೆದು ನುಂಗಿ ಆಗಿದೆ. ಶುಕ್ರವಾರ ಚೆಕಪ್. ಡಾಕ್ಟರಿಗೆ ಏನಂತ ಹೇಳಲಿ?

ನಾನು: ಇದ್ದದ್ದನ್ನು ಇದ್ದ ಹಾಗೆ ಹೇಳಿ ಅತ್ತೆ. ನಾಲ್ಕು ದಿನ ತಗೊಂಡೆ, ನಿಲ್ಲಿಸಿದ್ದೇನೆ ಅಂತ. ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಳ್ಳಿ, ಎಸೆಯಬೇಡಿ. ಟ್ಯಾಮಾಕ್ಸಿಫೆನ್ ಮಾತ್ರ ಒಂದು ದಿನವೂ ಬಿಡಬೇಡಿ.

ದೊಡ್ಡಪ್ಪ: ನಾನೂ ಬರುತ್ತೇನೆ. ಡಾಕ್ಟರನ್ನು ನಾನೇ ಕೇಳಬೇಕು.

ನಾನು: ಬನ್ನಿ ದೊಡ್ಡಪ್ಪ. ಎಂಟು ಗಂಟೆಗೆ ಕಾರು ತರುತ್ತೇನೆ.