ಪಫ್ ಕೌದಿಯ ಉಬ್ಬುಗಳು ಒಂದೊಂದು ಥರ ಆಗುತ್ತಿವೆ

ಪ್ರಶ್ನೆ:
ತಂಗಿಯ ಮಗುವಿಗೆ ಪಫ್ ಕೌದಿ (ಎರಡು ಚೌಕಗಳ ನಡುವೆ ಫೈಬರ್ ತುಂಬಿದ ಪುಟ್ಟ ಉಬ್ಬುಗಳನ್ನು ಜೋಡಿಸಿದ ಕೌದಿ) ಹೊಲಿಯುತ್ತಿದ್ದೇನೆ. ಮೇಲಿನ ಚೌಕ 5 ಇಂಚು, ಅಡಿಯದು 4 ಇಂಚು. ಒಟ್ಟು 80 ಉಬ್ಬುಗಳು. ಇಪ್ಪತ್ತು ಮುಗಿಯುವಷ್ಟರಲ್ಲಿ ಕೆಲವು ಚೆಂಡಿನಂತೆ ಬಿಗಿದಿವೆ, ಕೆಲವು ಮುಖ ಜೋಲು ಹಾಕಿಕೊಂಡಿವೆ. ಎಲ್ಲಿ ತಪ್ಪಿದೆ?

ಉತ್ತರ 1:
ಹಿಡಿ ಲೆಕ್ಕದಲ್ಲಿ ತುಂಬುತ್ತಿದ್ದೀರಿ, ಅಲ್ಲವೇ? ನಾನೂ ಹಾಗೆಯೇ ಮಾಡಿ ಅರ್ಧ ಕೌದಿ ಬಿಚ್ಚಿದವಳು. ಚೆನ್ನಾಗಿ ಬಂದ ಒಂದು ಉಬ್ಬಿನ ಫೈಬರನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಉಳಿದವಕ್ಕೂ ಅಷ್ಟೇ ಹಾಕಿ. ಮೇಲಿನ ಚೌಕದ ಹೆಚ್ಚಿನ ಬಟ್ಟೆಯನ್ನು ಪ್ರತಿ ಬದಿಯ ನಡುವೆ ಒಂದೇ ನೆರಿಗೆಯಾಗಿ ಮಡಿಸಿ ಗುಂಡುಸೂಜಿ ಚುಚ್ಚಿ. ಮೂರು ಬದಿ ಹೊಲಿದು, ತುಂಬಿ, ನಾಲ್ಕನೆಯದನ್ನು ಮುಚ್ಚಿ. ಈ ಹೊಲಿಗೆ ಅಂಚಿಗೆ ತೀರಾ ಹತ್ತಿರವಿರಲಿ. ಚೌಕಗಳನ್ನು ಜೋಡಿಸುವ ಹೊಲಿಗೆ ಕಾಲು ಇಂಚು ಒಳಗೆ ಬಂದರೆ ಮೊದಲಿನದು ಹೊರಗೆ ಇಣುಕುವುದಿಲ್ಲ.

ಉತ್ತರ 2:
ಹತ್ತಿ ಬಟ್ಟೆಯನ್ನು ಕತ್ತರಿಸುವ ಮುನ್ನ ಒಗೆದಿದ್ದೀರಾ? ಆಮೇಲೆ ಕುಗ್ಗಿದರೆ ನೆರಿಗೆಗಳು ಸೊಟ್ಟಗಾಗುತ್ತವೆ. ಗುಂಡುಸೂಜಿಗಳನ್ನು ಎಣಿಸಿ ಇಟ್ಟುಕೊಳ್ಳಿ. ಇನ್ನೊಂದು ಮಾತು: ವರ್ಷ ತುಂಬುವವರೆಗೆ ಮಗು ಮಲಗುವ ತೊಟ್ಟಿಲಿನಲ್ಲಿ ಇದನ್ನು ಹಾಸಲೂ ಬೇಡಿ, ಹೊದಿಸಲೂ ಬೇಡಿ, ಮೆತ್ತನೆಯ ಉಬ್ಬುಗಳಿಗೆ ಮೂಗು ಒತ್ತಿ ಉಸಿರು ಕಟ್ಟಬಹುದು. ಎಚ್ಚರವಿರುವಾಗ, ನೀವು ಪಕ್ಕದಲ್ಲೇ ಕುಳಿತು, ನೆಲದ ಮೇಲೆ ಹಾಸಿ ಆಡಿಸಿ.

ಪ್ರಶ್ನೆ ಕೇಳಿದವರು:
ತೂಗಿ ನೋಡಿದೆ. ಒಂದರಲ್ಲಿ 6 ಗ್ರಾಂ, ಇನ್ನೊಂದರಲ್ಲಿ 13! ಬಟ್ಟೆಯನ್ನೂ ಒಗೆದಿರಲಿಲ್ಲ. ಈ ಇಪ್ಪತ್ತನ್ನು ಗೊಂಬೆಯ ಹಾಸಿಗೆಗೆ ದಾನ ಮಾಡಿ, ನಾಳೆ ಹೊಸದಾಗಿ ಕತ್ತರಿ ಹಿಡಿಯುತ್ತೇನೆ.