ನನ್ನ ಕಡೆ ಬೆಳಕು ಸರಿ ಇದೆ, ಆದರೂ ಆರ್‌ಡಿಐ ಅಲಾರಂ ಯಾಕೆ?

ಪ್ರಶ್ನೆ: ಸರ್, ಸಾಗರದ ಕಡೆ ಎರಡು ಊರುಗಳ ನಡುವೆ ನಮ್ಮದೊಂದು ಎಸ್‌ಟಿಎಂ-16 (ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್) ಫೈಬರ್ ಲಿಂಕ್ ಇದೆ, ಹೋಗಲು ಒಂದು ಫೈಬರ್, ಬರಲು ಒಂದು. ಸುಮಾರು 45 ಕಿ.ಮೀ., 1550 ನ್ಯಾನೋಮೀಟರ್‌ನ ಎಲ್-16.2 ಮಾಡ್ಯೂಲ್ (ಬೆಳಕು ಕಳಿಸುವ, ಪಡೆಯುವ ಭಾಗ). ರಿಂಗ್ ಇಲ್ಲ, ಅಂದರೆ ಸುತ್ತಿ ಬರುವ ಬದಲಿ ದಾರಿ ಇಲ್ಲ. ನಾಲ್ಕು ದಿನದಿಂದ ಸಂಜೆಯಾದರೆ ನನ್ನ ಕಡೆ ಎಂಎಸ್-ಆರ್‌ಡಿಐ ಅಲಾರಂ ಬರುತ್ತದೆ, ಬೆಳಿಗ್ಗೆ ತಾನೇ ಹೋಗುತ್ತದೆ. ಎಲ್‌ಒಎಸ್ (ಬೆಳಕೇ ಬರುತ್ತಿಲ್ಲ ಅನ್ನುವ ಅಲಾರಂ) ಇಲ್ಲ. ನನಗೆ ಸಿಗುತ್ತಿರುವ ಬೆಳಕು -12 ಡಿಬಿಎಂ (ಬೆಳಕಿನ ಶಕ್ತಿಯ ಅಳತೆ). ಮಾಡ್ಯೂಲ್ ಬದಲಿಸಿದೆ, ಕಾರ್ಡನ್ನೂ ಬದಲಿಸಿದೆ. ಆ ಹೊತ್ತಿಗೆ ಎನ್‌ಎಂಎಸ್‌ನಲ್ಲಿ (ದೂರದಿಂದ ನೋಡಿಕೊಳ್ಳುವ ಸಾಫ್ಟ್‌ವೇರ್) ಆಚೆ ಕಡೆಯ ಮಕ್ಸ್ (ಲಿಂಕ್‌ನ ತುದಿಯ ಉಪಕರಣ) ಕೂಡ ಸಿಗುವುದಿಲ್ಲ. ಮಳೆಗೆ ಕೇಬಲ್ ಜಾಯಿಂಟ್‌ಗೆ ನೀರು ಹೋಗಿರಬಹುದಾ?

ಉತ್ತರ: ಪಾಪ, ಆ ಕಾರ್ಡ್ ಏನೂ ತಪ್ಪು ಮಾಡಿರಲಿಲ್ಲ. ಆರ್‌ಡಿಐ ನಿಮ್ಮ ಮಕ್ಸ್‌ನ ದೂರಲ್ಲ, ಆಚೆ ಮಕ್ಸ್‌ನ ದೂರು. "ನೀನು ಕಳಿಸುತ್ತಿರುವುದು ನನಗೆ ಕೇಳಿಸುತ್ತಿಲ್ಲ" ಅಂತ ಅದು ನಿಮಗೆ ವಾಪಸ್ ಹೇಳುತ್ತಿದೆ. ಸಿಗ್ನಲ್ ಜೊತೆಗೇ ಬರುವ ಕೆ2 ಅನ್ನುವ ಬೈಟ್‌ನ ಕೊನೆಯ ಮೂರು ಬಿಟ್ 110 ಆಗಿ ಬಂದರೆ ಆರ್‌ಡಿಐ. ಆ ಬೈಟ್ ನಿಮಗೆ ಸರಿಯಾಗಿ ತಲುಪುತ್ತಿದೆ ಅಂದರೆ ಆಚೆಯಿಂದ ಈಚೆಗೆ ಬರುವ ಫೈಬರ್ ಚೆನ್ನಾಗಿದೆ. ಕೆಟ್ಟಿರುವುದು ನಿಮ್ಮಿಂದ ಹೋಗುವ ದಾರಿ. ಎನ್‌ಎಂಎಸ್ ಸಿಗದಿರುವುದೂ ಅದಕ್ಕೇ: ಡಿಸಿಸಿಗೆ (ಅದೇ ಫೈಬರ್‌ನಲ್ಲಿ ಸಾಗುವ ಎನ್‌ಎಂಎಸ್‌ನ ಚಾನೆಲ್) ಹೋಗುವ, ಬರುವ ಎರಡೂ ದಾರಿ ಬೇಕು. ಹಾಗಾಗಿ ಅಲ್ಲಿ ಉರಿಯುತ್ತಿರುವ ಎಲ್‌ಒಎಸ್ ನಿಮಗೆ ಕಾಣುವುದಿಲ್ಲ.

ನೀರಿನ ಅನುಮಾನ ಆಮೇಲೆ ನೋಡೋಣ. ಅಲಾರಂ ಇರುವಾಗಲೇ ಪವರ್ ಮೀಟರ್ ಹಿಡಿದು ಆಚೆ ಸ್ಟೇಷನ್‌ಗೆ ಹೋಗಿ. ಲೆಕ್ಕ ಸುಲಭ. ನಿಮ್ಮ ಟಿಎಕ್ಸ್ (ಕಳಿಸುವ ಬೆಳಕು) +1 ಇದ್ದರೆ, ಕಿ.ಮೀ.ಗೆ 0.22 ಡಿಬಿ ನಷ್ಟ ಅಂದರೂ 45ಕ್ಕೆ ಸುಮಾರು 10. ಜಾಯಿಂಟ್, ಕನೆಕ್ಟರ್‌ಗೆ ಇನ್ನೊಂದು ಮೂರು. ಅಲ್ಲೂ -12ರ ಆಸುಪಾಸು ಬರಬೇಕು. ಆ ಮಾಡ್ಯೂಲ್ ಬೆಳಕು -28ಕ್ಕೆ ಇಳಿದರೂ ಕೆಲಸ ಮಾಡುತ್ತದೆ. ಮೊದಲು ಓಡಿಎಫ್‌ನಲ್ಲಿ (ಹೊರಗಿನ ಕೇಬಲ್ ಬಂದು ಮುಗಿಯುವ ಚೌಕಟ್ಟು) ಅಳೆಯಿರಿ, ಆಮೇಲೆ ಅಲ್ಲಿಂದ ಮಕ್ಸ್‌ಗೆ ಹೋಗುವ ಪ್ಯಾಚ್ ಕಾರ್ಡ್‌ನ (ಚಿಕ್ಕ ಫೈಬರ್ ತಂತಿ) ತುದಿಯಲ್ಲಿ. ಓಡಿಎಫ್‌ನಲ್ಲೇ ಕಡಿಮೆ ಬಂದರೆ ಮಾತ್ರ ಓಟಿಡಿಆರ್ (ಬೆಳಕಿನ ಪಲ್ಸ್ ಬಿಟ್ಟು ಕೇಬಲ್‌ನಲ್ಲಿ ಎಲ್ಲಿ ಕೆಟ್ಟಿದೆ ಅಂತ ಹುಡುಕುವ ಉಪಕರಣ) ತೆಗೆಯಿರಿ. ಆಗ ಎರಡೂ ಕಡೆ ಮಕ್ಸ್‌ನಿಂದ ಫೈಬರ್ ಬಿಚ್ಚಿರಬೇಕು, ಇಲ್ಲದಿದ್ದರೆ ಅದರ ಪಲ್ಸ್‌ಗೆ ರಿಸೀವರ್ ಸುಟ್ಟುಹೋಗಬಹುದು. ಫೈಬರ್ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ, 1550 ಬೆಳಕು ಕಾಣುವುದಿಲ್ಲ.

ಇನ್ನೊಬ್ಬರು: ಸರ್, ಅಲ್ಲಿ ಸುಮ್ನೆ ಮಕ್ಸ್‌ನ ಟಿಎಕ್ಸ್ ಅನ್ನು ಅದರದೇ ಆರ್‌ಎಕ್ಸ್‌ಗೆ (ರಿಸೀವರ್) ಜೋಡಿಸಿ ಲೂಪ್ ಹಾಕಿ ನೋಡಿದರೆ ಆಗಲ್ವಾ?

ಉತ್ತರ: ಆಗುತ್ತದೆ, ಆದರೆ ನೇರವಾಗಿ ಬೇಡ. ಈ ರಿಸೀವರ್‌ಗೆ -9ಕ್ಕಿಂತ ಜಾಸ್ತಿ ಬೆಳಕು ಬೀಳಬಾರದು. ನಡುವೆ ಬೆಳಕು ತಗ್ಗಿಸುವ 15 ಡಿಬಿ ಅಟೆನ್ಯುಯೇಟರ್ ಹಾಕಿ.

ಪ್ರಶ್ನೆ ಕೇಳಿದವರು: ಸರ್, ನಿನ್ನೆ ಸಂಜೆ ಹೋಗಿದ್ದೆ. ಓಡಿಎಫ್‌ನಲ್ಲಿ -12.3. ಮಕ್ಸ್‌ನ ಸ್ಕ್ರೀನ್‌ನಲ್ಲಿ ಎಲ್‌ಒಎಸ್ ಇತ್ತು, ಆರ್‌ಎಕ್ಸ್ -34 ತೋರಿಸುತ್ತಿತ್ತು. ಪ್ಯಾಚ್ ಕಾರ್ಡ್ ನೋಡೋಣ ಅಂತ ರ‍್ಯಾಕ್‌ನ ಬಾಗಿಲು ತೆಗೆದೆ, ಅಲಾರಂ ಹೋಯಿತು! ಮುಚ್ಚಿದೆ, ಬಂತು. ಹಳದಿ ಪ್ಯಾಚ್ ಕಾರ್ಡ್ ಬಾಗಿಲಿನ ಕೀಲಿನ ಸಂದಿಗೆ ಸಿಕ್ಕಿಕೊಂಡು ಚೂಪಾಗಿ ಮಡಚಿಕೊಳ್ಳುತ್ತಿತ್ತು. ಮಳೆ ಶುರುವಾದ ಮೇಲೆ ದೀಪಕ್ಕೆ ಹುಳ ಬರುತ್ತವೆ ಅಂತ ಅಲ್ಲಿನ ವಾಚ್‌ಮನ್ ದಿನಾ ಸಂಜೆ ಬಾಗಿಲು ಹಾಕುತ್ತಿದ್ದನಂತೆ. ಬೆಳಿಗ್ಗೆ ಗಾಳಿಯಾಡಲಿ ಅಂತ ತೆಗೆಯುತ್ತಿದ್ದ.

ಉತ್ತರ: 1550ಕ್ಕೆ ಮಡಿಕೆ ಅಂದರೆ ಆಗದು. 1310ರಲ್ಲಾಗಿದ್ದರೆ ಇಷ್ಟು ನಷ್ಟ ಆಗುತ್ತಿರಲಿಲ್ಲ. ಆ ಪ್ಯಾಚ್ ಕಾರ್ಡ್ ಒಳಗೆ ಬಿರುಕು ಬಿಟ್ಟಿರಬಹುದು, ಬಿಸಾಡಿ. ಹೊಸದನ್ನು ತುದಿ ಒರೆಸಿ ಹಾಕಿ, 3 ಸೆಂ.ಮೀ. ತ್ರಿಜ್ಯಕ್ಕಿಂತ ಸಣ್ಣ ಸುತ್ತು ಬರದ ಹಾಗೆ ಬದಿಯಿಂದ ತನ್ನಿ. ವಾಚ್‌ಮನ್‌ನನ್ನು ಬೈಯಬೇಡಿ, ಹುಳ ಒಳಗೆ ಹೋದರೆ ಫ್ಯಾನ್ ಅಲಾರಂ ಅಂತ ಮತ್ತೆ ಇಲ್ಲೇ ಬರುತ್ತೀರಿ.